ಹುಬ್ಬಳ್ಳಿ-ಧಾರವಾಡದ ನಳದ ನೀರನ್ನು ಅಳೆದ ಸಂಶೋಧನೆ: ಅದು ತೋರಿಸಿದ್ದೇನು, ತೋರಿಸದೆ ಉಳಿದದ್ದೇನು?

ಮಾಳಮಡ್ಡಿಯ ಓದುಗ:

ನಮ್ಮ ಅವಳಿ ನಗರದ ನಳಗಳು ಸುಮಾರು ಹದಿನೈದು ವರ್ಷಗಳ ಹಿಂದೆ ಒಂದು ದೊಡ್ಡ ವೈಜ್ಞಾನಿಕ ಅಧ್ಯಯನದ ವಸ್ತುವಾಗಿದ್ದವು. ಕುಡಿಯುವ ನೀರಿನ ಬಗ್ಗೆ ಕೆಲಸ ಮಾಡುವ ಸಂಶೋಧಕರಿಗೆ ಹುಬ್ಬಳ್ಳಿ-ಧಾರವಾಡದ ಹೆಸರು ಈಗಲೂ ಚೆನ್ನಾಗಿ ಗೊತ್ತು. ಆ ಅಧ್ಯಯನದ ಸುದ್ದಿ ಗೊತ್ತಿಲ್ಲದವರು ಇಲ್ಲಿ ವಾಸಿಸುವ ನಾವೇ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆಯೊಂದು 2008ರ ಹೊತ್ತಿಗೆ ಜಾರಿಗೆ ಬಂದಿತು. ನಮ್ಮಲ್ಲಿ ಸುಮಾರು ಹತ್ತನೇ ಒಂದು ಪಾಲು ಜನರಿಗೆ ಆ ನೀರು ಸಿಕ್ಕಿತು. ಉಳಿದವರಿಗೆ ಎಂದಿನಂತೆ ನಾಲ್ಕಾರು ದಿನಕ್ಕೊಮ್ಮೆ ಪಾಳಿಯ ನೀರು. ಊರು ಒಂದೇ, ಮಲಪ್ರಭೆ ಮತ್ತು ನೀರಸಾಗರದ ಮೂಲವೂ ಒಂದೇ, ಮನೆಗೆ ಮುಟ್ಟಿಸುವ ರೀತಿ ಮಾತ್ರ ಬೇರೆ. ಇಂಥ ಸನ್ನಿವೇಶವನ್ನು ಸಂಶೋಧಕರು ತಾವಾಗಿಯೇ ನಿರ್ಮಿಸಿಕೊಳ್ಳಲು ಸಾಧ್ಯವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯವರು ಇಲ್ಲಿಗೆ ಬಂದದ್ದು ಅದಕ್ಕಾಗಿಯೇ.

ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ 2013ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪಾಳಿಯ ನೀರು ಬರುವ ನಳಗಳಿಂದ ತೆಗೆದ ಮಾದರಿಗಳಲ್ಲಿ ಶೇ. 31.7ರಲ್ಲಿ ಇ-ಕೊಲಿ ಎಂಬ, ಮಲದಿಂದ ಬರುವ ಬ್ಯಾಕ್ಟೀರಿಯಾ ಸಿಕ್ಕಿತು. ನಿರಂತರ ನೀರಿನ ನಳಗಳಲ್ಲಿ ಅದು ಶೇ. 0.7 ಮಾತ್ರ. ಇಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಸುಖಾಂತವಾಗುತ್ತಿತ್ತು. ಆದರೆ ಅದೇ ತಂಡದ ಐಶೆ ಎರ್ಜುಮೆನ್ ಮತ್ತು ಸಂಗಡಿಗರು 2010ರ ನವೆಂಬರಿನಿಂದ ಒಂದು ವರ್ಷ ಇಲ್ಲಿಯ 3,922 ಮನೆಗಳನ್ನು ಅನುಸರಿಸಿ, 2015ರಲ್ಲಿ ಮತ್ತೊಂದು ಪ್ರಬಂಧ ಪ್ರಕಟಿಸಿದರು. ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಒಟ್ಟಾರೆಯಾಗಿ ಎರಡೂ ಬಗೆಯ ವಾರ್ಡುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ತೂಕದಲ್ಲಿಯೂ ಕಾಣಲಿಲ್ಲ. ಟೈಫಾಯಿಡ್ ಮಾತ್ರ ನಿರಂತರ ನೀರಿನ ಮನೆಗಳಲ್ಲಿ ಸುಮಾರು ಶೇ. 42ರಷ್ಟು ಕಡಿಮೆ ಇತ್ತು. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು.

ನೀರು ಇಷ್ಟು ಶುದ್ಧವಾದ ಮೇಲೂ ಭೇದಿ ಏಕೆ ಇಳಿಯಲಿಲ್ಲ? ಇದನ್ನು ಯೋಜನೆಯ ಸೋಲೆಂದು ಓದಬೇಕೇ, ಸಂಶೋಧನೆಯ ಮಿತಿಯೆಂದು ಓದಬೇಕೇ, ಅಥವಾ ಇದರಿಂದ ಬೇರೇನನ್ನಾದರೂ ತಿಳಿಯಬೇಕೇ? ಬಲ್ಲವರು ಬರೆಯಿರಿ.

ಹಳೇ ಹುಬ್ಬಳ್ಳಿ ವಾಸಿ:

ಸರ್, ತಾವು ಕೊಟ್ಟ ಸಂಖ್ಯೆಗಳನ್ನು ಓದಿದೆ. ನಮ್ಮ ಓಣಿಯಲ್ಲಿ ನೀರು ಬಂದ ಕೂಡಲೇ ಮೊದಲಿನ ಎರಡು ಕೊಡ ನೀರನ್ನು ಗಟಾರಕ್ಕೆ ಚೆಲ್ಲುವುದು ನಮ್ಮ ಅಜ್ಜಿಯ ಕಾಲದಿಂದ ನಡೆದುಬಂದ ರೂಢಿ. ಆ ನೀರು ಕೆಟ್ಟದ್ದೆಂದು ತಿಳಿಯಲು ಅಮೆರಿಕದಿಂದ ಯಾರೂ ಬರಬೇಕಾಗಿರಲಿಲ್ಲ. ಬಂದರು, ಬಾಟಲಿಗಳಲ್ಲಿ ನೀರು ತುಂಬಿಕೊಂಡರು, ಹೋದರು. ನಮ್ಮ ಪಾಳಿ ಮಾತ್ರ ಬದಲಾಗಲಿಲ್ಲ. ಇಂಥ ಸಂಶೋಧನೆಯಿಂದ ಪ್ರಬಂಧ ಬರೆದವರಿಗೆ ಪದವಿ ಸಿಕ್ಕಿರಬಹುದು, ಓಣಿಗೆ ಸಿಕ್ಕಿದ್ದೇನು ಎಂಬುದಷ್ಟೇ ನನ್ನ ಪ್ರಶ್ನೆ.

ನಿವೃತ್ತ ಅಭಿಯಂತರ, ನವನಗರ:

ಹಳೇ ಹುಬ್ಬಳ್ಳಿಯವರ ಅಜ್ಜಿ ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು. ಅದು ಏಕೆ ಸರಿ ಎಂಬುದು ಗೊತ್ತಾದರೆ, ಎರಡು ಕೊಡ ಸಾಕೇ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ನೀರು ಪೂರೈಕೆಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಪೈಪಿನ ಒಳಗೆ ನಡೆಯುವುದನ್ನು ವಿವರಿಸುತ್ತೇನೆ.

ಪೈಪಿನಲ್ಲಿ ಒತ್ತಡ ಇರುವಷ್ಟು ಹೊತ್ತು, ಎಲ್ಲಿಯಾದರೂ ಬಿರುಕಿದ್ದರೆ ನೀರು ಒಳಗಿನಿಂದ ಹೊರಗೆ ಸೋರುತ್ತದೆ. ಅದು ನಷ್ಟ, ಆದರೆ ಅಪಾಯವಲ್ಲ. ವಾಲ್ವ್ ಮುಚ್ಚಿದ ಮೇಲೆ ಚಿತ್ರ ತಲೆಕೆಳಗಾಗುತ್ತದೆ. ಪೈಪಿನಲ್ಲಿ ಉಳಿದ ನೀರು ತಗ್ಗಿನ ಕಡೆಗೆ ಇಳಿಯುತ್ತ ಹೋಗಿ, ಎತ್ತರದ ಭಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆಯಾಗುತ್ತದೆ. ಆಗ ಅದೇ ಬಿರುಕು ಹೊರಗಿನದನ್ನು ಒಳಕ್ಕೆ ಹೀರುತ್ತದೆ. ಹೊರಗೆ ಇರುವುದೇನು? ನಮ್ಮ ಹಳೆಯ ಓಣಿಗಳಲ್ಲಿ ಮುಖ್ಯ ಕೊಳವೆಯಿಂದ ಮನೆಗೆ ಬರುವ ಸಣ್ಣ ಪೈಪುಗಳು ಎಷ್ಟೋ ಕಡೆ ಗಟಾರದೊಳಗಿನಿಂದಲೇ ಹಾದುಬಂದಿರುತ್ತವೆ. ಇದರ ಮೇಲೆ ನಮ್ಮ ಎರೆ ಮಣ್ಣಿನ ಕಾಟ ಬೇರೆ: ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕುಬಿಡುವ ಈ ಮಣ್ಣು ಪೈಪಿನ ಜೋಡಣೆಗಳನ್ನು ವರ್ಷವಿಡೀ ಎಳೆದಾಡುತ್ತಿರುತ್ತದೆ. ನೀರು ಕಡಿಮೆ ಬರುತ್ತದೆಂದು ಕೆಲವರು ನಳಕ್ಕೇ ಮೋಟಾರ್ ಹಚ್ಚಿದಾಗ, ನೀರು ಬಿಟ್ಟ ಹೊತ್ತಿನಲ್ಲಿಯೂ ನೆರೆಮನೆಯ ಪೈಪಿನಲ್ಲಿ ಇದೇ ಹೀರುವಿಕೆ ಉಂಟಾಗಬಹುದು. ನಿಯಮದ ಪ್ರಕಾರ ಅದು ತಪ್ಪು. ಆದರೆ ಯಾವ ಓಣಿಯಲ್ಲಿ ಮೋಟಾರ್ ಇಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಕುಂಪೆಲ್ ಮತ್ತು ನೆಲ್ಸನ್ ಅವರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಬಂಧ ನನ್ನಂಥವರಿಗೆ ಹೆಚ್ಚು ಉಪಯುಕ್ತ. ನೀರು ಬಿಟ್ಟ ಕ್ಷಣದಿಂದ ನಿಲ್ಲುವವರೆಗೆ ಒಂದೇ ಪಾಳಿಯ ಉದ್ದಕ್ಕೂ ನೀರಿನ ಗುಣ ಮತ್ತು ಒತ್ತಡವನ್ನು ಅವರು ಅಳೆದರು. ಮೊದಲಿಗೆ ಬರುವ ನೀರು ಖಾಲಿ ಪೈಪಿನ ಒಳಗೋಡೆಯ ಲೋಳೆಯನ್ನೂ, ನಡುವೆ ಸೇರಿಕೊಂಡ ಕೊಳೆಯನ್ನೂ ತಳ್ಳಿಕೊಂಡು ಬರುತ್ತದೆ. ಅದಾದ ಮೇಲೆಯೂ, ಒತ್ತಡ ಕಡಿಮೆಯಿರುವಷ್ಟು ಹೊತ್ತು ಮಾಲಿನ್ಯದ ಸಾಧ್ಯತೆ ಉಳಿದೇ ಇರುತ್ತದೆ. ಅಂದರೆ ಅಜ್ಜಿಯ ಎರಡು ಕೊಡಗಳು ಮೊದಲನೆಯ ಅಪಾಯವನ್ನು ಒಂದಿಷ್ಟು ತಪ್ಪಿಸುತ್ತವೆ, ಎರಡನೆಯದನ್ನು ತಪ್ಪಿಸುವುದಿಲ್ಲ. ಪೈಪಿನ ಕೊನೆಯ ತುದಿಯ ಮನೆಯವರು ಹತ್ತು ಕೊಡ ಚೆಲ್ಲಿದರೂ ಒತ್ತಡ ಬಾರದಿದ್ದರೆ ಪ್ರಯೋಜನವಿಲ್ಲ.

ಅಮ್ಮಿನಭಾವಿಯ ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಹಾಕುತ್ತಾರಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಕುತ್ತಾರೆ. ಆದರೆ ದಾರಿಯಲ್ಲಿ ಕೊಳೆ ಸೇರಿದಷ್ಟೂ ಕ್ಲೋರಿನ್ ಅದರೊಂದಿಗೆ ವರ್ತಿಸಿ ಖರ್ಚಾಗುತ್ತದೆ. ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ಭಾರತೀಯ ಮಾನಕ.

ಅಧ್ಯಾಪಕಿ, ಸಪ್ತಾಪುರ:

ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಮೂಲ ಪ್ರಶ್ನೆಗೆ ಬರುವ ಮೊದಲು, ಆ ಅಧ್ಯಯನ ಎಂಥದ್ದು ಎಂಬುದನ್ನು ತಿಳಿದುಕೊಳ್ಳೋಣ.

ಹೊಸ ಔಷಧಿಯನ್ನು ಪರೀಕ್ಷಿಸುವಾಗ ಯಾರಿಗೆ ಔಷಧಿ, ಯಾರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಇಲ್ಲಿ ಅದು ಆಗಲಿಲ್ಲ, ಆಗುವಂತೆಯೂ ಇರಲಿಲ್ಲ; ಯಾವ ವಾರ್ಡಿಗೆ ನಿರಂತರ ನೀರು ಎಂಬುದನ್ನು ಯೋಜನೆಯವರು ಮೊದಲೇ ನಿರ್ಧರಿಸಿಬಿಟ್ಟಿದ್ದರು. ಆದ್ದರಿಂದ ಸಂಶೋಧಕರು ಆ ವಾರ್ಡುಗಳಿಗೆ ಸಾಮಾಜಿಕವಾಗಿ, ಆರ್ಥಿಕವಾಗಿ ಆದಷ್ಟು ಹೋಲುವ ಪಾಳಿ ನೀರಿನ ವಾರ್ಡುಗಳನ್ನು ಹುಡುಕಿ ಜೋಡಿ ಮಾಡಿದರು. ಇದು ಒಳ್ಳೆಯ ವಿಧಾನ, ಆದರೆ ಚೀಟಿ ಎತ್ತುವುದಕ್ಕೆ ಪೂರ್ತಿ ಸಮನಲ್ಲ. ನಮ್ಮ ಅಳತೆಗೆ ಸಿಗದ ವ್ಯತ್ಯಾಸವೊಂದು ಎರಡು ವಾರ್ಡುಗಳ ನಡುವೆ ಉಳಿದುಕೊಂಡಿರಬಹುದು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬೇರೊಂದು ಸಂಗತಿ. ಪ್ರಾಯೋಗಿಕ ವಾರ್ಡುಗಳಲ್ಲಿ ನೀರಿನ ಅವಧಿಯನ್ನಷ್ಟೇ ಹೆಚ್ಚಿಸಲಿಲ್ಲ. ವಿತರಣೆಯ ಕೊಳವೆಗಳನ್ನೇ ಹೊಸದಾಗಿ ಹಾಕಿ, ಮನೆಮನೆಗೆ ಮೀಟರ್ ಕೂರಿಸಿದರು. ಹಾಗಿದ್ದಲ್ಲಿ ಶೇ. 31.7 ಮತ್ತು ಶೇ. 0.7ರ ನಡುವಿನ ಅಂತರದಲ್ಲಿ ನಿರಂತರ ಒತ್ತಡದ ಪಾಲೆಷ್ಟು, ಬಿರುಕಿಲ್ಲದ ಹೊಸ ಪೈಪಿನ ಪಾಲೆಷ್ಟು? ಈ ಅಧ್ಯಯನದಿಂದ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಪಾಲಿಕೆಯ ಹಣ ಸೀಮಿತವಾಗಿರುವಾಗ, ಪೈಪು ಬದಲಿಸಿ ಪಾಳಿಯನ್ನು ಹಾಗೆಯೇ ಉಳಿಸಿಕೊಂಡರೂ ಅರ್ಧದಷ್ಟು ಲಾಭ ಸಿಗುತ್ತದೆಯೇ ಎಂಬುದು ನಿಜವಾದ ಪ್ರಶ್ನೆ. ಅದನ್ನು ಯಾರಾದರೂ ಬೇರೆಯಾಗಿಯೇ ಅಳೆಯಬೇಕು.

ಇನ್ನು ಭೇದಿಯ ಮಾತು. ಕಾಯಿಲೆಯ ಮಾಹಿತಿ ಮನೆಯವರ ನೆನಪಿನಿಂದ ಬಂದದ್ದು. ಟೈಫಾಯಿಡ್ ಕೂಡ ಮನೆಯವರೇ ಹೇಳಿದ್ದು, ರಕ್ತ ಪರೀಕ್ಷೆಯಿಂದ ಖಚಿತಪಡಿಸಿದ್ದಲ್ಲ. ಮಗುವಿಗೆ ಹೋದ ವಾರ ಭೇದಿಯಾಗಿತ್ತೇ ಎಂದು ಕೇಳಿದಾಗ ಒಬ್ಬ ತಾಯಿ ಹೌದೆನ್ನುವ ಸ್ಥಿತಿಗೆ ಇನ್ನೊಬ್ಬ ತಾಯಿ ಇಲ್ಲವೆನ್ನಬಹುದು. ಮಲದಲ್ಲಿ ರಕ್ತ ಕಂಡದ್ದನ್ನು ಮಾತ್ರ ಯಾರೂ ಮರೆಯುವುದಿಲ್ಲ. ವ್ಯತ್ಯಾಸ ಕಂಡದ್ದು ಇಂಥ ಗುರುತಿಸಲು ಸುಲಭವಾದ, ತೀವ್ರ ಕಾಯಿಲೆಗಳಲ್ಲಿ ಎಂಬುದನ್ನು ಗಮನಿಸಬೇಕು. ‘ವ್ಯತ್ಯಾಸ ಕಾಣಲಿಲ್ಲ’ ಎಂದರೆ ‘ವ್ಯತ್ಯಾಸ ಇಲ್ಲ’ ಎಂದಲ್ಲ.

ನಮ್ಮ ಊರಿನ ಫಲಿತಾಂಶ ಒಂಟಿಯೂ ಅಲ್ಲ. ಬಾಂಗ್ಲಾದೇಶ ಮತ್ತು ಕೀನ್ಯಾದ ಹಳ್ಳಿಗಳಲ್ಲಿ, ಚೀಟಿ ಎತ್ತುವ ವಿಧಾನದಲ್ಲಿಯೇ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ನೀರಿನ ಶುದ್ಧೀಕರಣ, ಶೌಚಾಲಯ, ಕೈ ತೊಳೆಯುವಿಕೆ, ಪೌಷ್ಟಿಕ ಆಹಾರ ಎಲ್ಲವನ್ನೂ ಬಿಡಿಬಿಡಿಯಾಗಿಯೂ ಒಟ್ಟಾಗಿಯೂ ನೋಡಿದರು. ಕೀನ್ಯಾದಲ್ಲಿ ಯಾವುದರಿಂದಲೂ ಭೇದಿ ಇಳಿಯಲಿಲ್ಲ. ಬಾಂಗ್ಲಾದೇಶದಲ್ಲಿ ಬಹುತೇಕ ಗುಂಪುಗಳಲ್ಲಿ ಇಳಿಯಿತು, ಆದರೆ ನೀರಿಗೆ ಮಾತ್ರ ಕ್ಲೋರಿನ್ ಹಾಕಿದ ಗುಂಪಿನಲ್ಲಿ ಸ್ಪಷ್ಟ ಇಳಿಕೆ ಕಾಣಲಿಲ್ಲ. ಎರಡೂ ಕಡೆ ಮಕ್ಕಳ ಬೆಳವಣಿಗೆಗೆ ನೆರವಾದದ್ದು ಆಹಾರ. ಆರೋಗ್ಯದ ಸಂಶೋಧನೆಯಲ್ಲಿ ಇಂಥ ನಿರಾಶೆಯ ಫಲಿತಾಂಶಗಳನ್ನು ಮುಚ್ಚಿಡದೆ ಪ್ರಕಟಿಸುವುದನ್ನು ನಾನು ಆ ಕ್ಷೇತ್ರದ ಬಲವೆಂದೇ ಎಣಿಸುತ್ತೇನೆ.

ಮಕ್ಕಳ ವೈದ್ಯೆ, ಹುಬ್ಬಳ್ಳಿ:

ಮೇಡಂ ಬರೆದದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಭೇದಿ ಎಂಬುದು ಒಂದೇ ರೋಗವಲ್ಲ. ಎಳೆಯ ಮಕ್ಕಳಲ್ಲಿ ತೀವ್ರ ಭೇದಿಗೆ ಬಹುಕಾಲ ಮೊದಲ ಕಾರಣವಾಗಿದ್ದದ್ದು ರೋಟಾ ವೈರಸ್. ಅದು ಕೈಯಿಂದ, ಆಟಿಕೆಯಿಂದ, ಮುಟ್ಟಿದ ಎಲ್ಲದರಿಂದಲೂ ಹರಡುತ್ತದೆ. ಶುದ್ಧ ನೀರು ಸಿಗುವ ಶ್ರೀಮಂತ ದೇಶಗಳಲ್ಲಿಯೂ ಲಸಿಕೆ ಬರುವ ಮೊದಲು ಬಹುತೇಕ ಪ್ರತಿಯೊಂದು ಮಗುವಿಗೂ ಅದು ಒಮ್ಮೆಯಾದರೂ ತಗಲುತ್ತಿತ್ತು. ಪೈಪು ಬದಲಿಸಿ ಅದನ್ನು ತಡೆಯಲಾಗದು. ಟೈಫಾಯಿಡ್ ಹಾಗಲ್ಲ: ಅದರ ಬ್ಯಾಕ್ಟೀರಿಯಾಕ್ಕೆ ಮನುಷ್ಯನ ಹೊರತು ಬೇರೆ ಆಸರೆಯಿಲ್ಲ, ರೋಗ ಹುಟ್ಟಿಸಲು ಅದು ಹೆಚ್ಚಿನ ಸಂಖ್ಯೆಯಲ್ಲಿ ಹೊಟ್ಟೆಗೆ ಹೋಗಬೇಕು, ಮಲ ಬೆರೆತ ನೀರು ಅದರ ರಾಜಮಾರ್ಗ. ಹಾಗಾಗಿ ನಳದ ನೀರು ಸುಧಾರಿಸಿದಾಗ ಮೊದಲು ಇಳಿಯಬೇಕಾದದ್ದು ಟೈಫಾಯಿಡ್ ಎಂದು ನಾನು ಊಹಿಸುತ್ತಿದ್ದೆ, ಅಧ್ಯಯನವೂ ಅದನ್ನೇ ಹೇಳಿದೆ.

ರೋಟಾ ವೈರಸ್ಸಿಗೆ ಉತ್ತರ ಬಂದದ್ದು ಬೇರೆ ದಾರಿಯಿಂದ. 1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳಿಗೆ ಒಂದು ರೋಟಾ ವೈರಸ್ ತಗಲಿದ್ದರೂ ಅವುಗಳಿಗೆ ಭೇದಿಯಾಗದೆ ಇದ್ದದ್ದನ್ನು ವೈದ್ಯರು ಗಮನಿಸಿದರು. 116ಇ ಎಂಬ ಆ ತಳಿಯಿಂದಲೇ ಭಾರತದ್ದೇ ಆದ ರೋಟಾವ್ಯಾಕ್ ಲಸಿಕೆ ಸಿದ್ಧವಾಯಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಅದು ಶೇ. 56ರಷ್ಟು ತಗ್ಗಿಸಿತ್ತು. 2016ರಿಂದ ರೋಟಾ ಲಸಿಕೆ ಸರಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. ಅಲ್ಲಿಂದ ಇಲ್ಲಿಗೆ ಸುಮಾರು ಮೂವತ್ತು ವರ್ಷ! ಫಲ ಎಲ್ಲಿ ಎಂದು ಕೇಳುವ ಹಳೇ ಹುಬ್ಬಳ್ಳಿಯ ಸಹೋದರರು ಈ ಅವಧಿಯನ್ನೂ ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಬಡ ಮನೆಗಳಲ್ಲಿ ಮಾತ್ರ ರಕ್ತಭೇದಿ ಇಳಿದದ್ದು ನನಗೆ ಆಶ್ಚರ್ಯ ತರಲಿಲ್ಲ. ಉಳ್ಳವರು ಮೊದಲೇ ಫಿಲ್ಟರ್ ಇಟ್ಟುಕೊಂಡಿರುತ್ತಾರೆ ಅಥವಾ ಕಾಯಿಸಿ ಕುಡಿಯುತ್ತಾರೆ. ನಳದ ನೀರನ್ನು ಹಾಗೆಯೇ ಕುಡಿಯುವವರಿಗೆ ನಳ ಸುಧಾರಿಸಿದ ಲಾಭ ನೇರವಾಗಿ ಮುಟ್ಟುತ್ತದೆ.

ಹಳೇ ಹುಬ್ಬಳ್ಳಿ ವಾಸಿ:

ಡಾಕ್ಟರ್ ಮೇಡಂ ಅವರ ಕೊನೆಯ ಮಾತು ನನಗೆ ಒಪ್ಪಿಗೆಯಾಯಿತು. ಆದರೆ ಅದನ್ನೇ ಮುಂದಕ್ಕೆ ಎಳೆದು ನೋಡಿ. ಲಾಭ ಹೆಚ್ಚು ಮುಟ್ಟುವುದು ಬಡವರಿಗೆ ಎಂದು ಸಂಶೋಧನೆಯೇ ತೋರಿಸಿದ ಮೇಲೆ, ಮುಂದಿನ ಪೈಪು ಮೊದಲು ಬಡವರ ಓಣಿಗೆ ಬರಬೇಕಿತ್ತು. ವಿಸ್ತರಣೆಗೆಂದು 2016ರಲ್ಲಿ ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದಾದ ಮೇಲೆ ರಸ್ತೆ ಅಗೆದದ್ದನ್ನು ನೋಡಿದ್ದೇವೆ, ಮುಚ್ಚಿದ್ದನ್ನೂ ನೋಡಿದ್ದೇವೆ. ಯಾವ ಓಣಿ ಮೊದಲು ಎಂಬುದನ್ನು ಆ ಪ್ರಬಂಧ ಓದಿ ಯಾರಾದರೂ ನಿರ್ಧರಿಸಿದರೇ? ಮೀಟರ್ ಬಿಲ್ಲಿನ ಚಿಂತೆ ಬೇರೆ. ನಿರಂತರ ನೀರು ಎಂದರೆ ನಿರಂತರ ಬಿಲ್ಲು ಎಂದು ನಮ್ಮ ತಾಯಿ ಹೇಳುತ್ತಾರೆ. ನಳ ಬಿಟ್ಟರೆ ಬರುವ ನೀರಿದ್ದರೂ ಅವರು ಬ್ಯಾರಲ್ ತುಂಬಿಸಿಡುವುದನ್ನು ನಿಲ್ಲಿಸಲಾರರು.

ಅಧ್ಯಾಪಕಿ, ಸಪ್ತಾಪುರ:

ತಮ್ಮ ತಾಯಿಯವರ ಬ್ಯಾರಲ್ಲು ಸಂಶೋಧನೆಯ ಕಣ್ಣಿಗೂ ಬಿದ್ದಿದೆ. ನಿರಂತರ ನೀರು ಬಂದ ಮನೆಗಳಲ್ಲಿಯೂ ಎಷ್ಟೋ ಜನ ಕುಡಿಯುವ ನೀರನ್ನು ತುಂಬಿಟ್ಟುಕೊಳ್ಳುವುದನ್ನು ಬಿಡಲಿಲ್ಲ. ನಳದಲ್ಲಿ ಶುದ್ಧವಾಗಿದ್ದ ನೀರು ಕೊಡದಲ್ಲಿ ನಿಂತು, ಕೈ ಅದ್ದಿದ ಚರಗಿಯಿಂದ ಲೋಟಕ್ಕೆ ಬರುವಷ್ಟರಲ್ಲಿ ಕೆಡುತ್ತದೆ. ಭೇದಿ ಇಳಿಯದಿರಲು ಇದೂ ಒಂದು ಕಾರಣವಿರಬಹುದು. ಓಣಿಗಳ ಸರದಿಯ ಬಗ್ಗೆ ತಾವು ಕೇಳಿದ್ದು ನ್ಯಾಯವಾಗಿದೆ, ಆದರೆ ಆ ಪ್ರಶ್ನೆಯನ್ನು ಕೇಳಬೇಕಾದದ್ದು ಪಾಲಿಕೆಯ ಸಭೆಯಲ್ಲಿ.

ಮುಂಡರಗಿಯ ಮಾಸ್ತರ:

ಗದಗ ಜಿಲ್ಲೆಯವನಾಗಿ ನಡುವೆ ಬಾಯಿ ಹಾಕುತ್ತಿದ್ದೇನೆ. ತಾವೆಲ್ಲ ಒತ್ತಡ, ಬ್ಯಾಕ್ಟೀರಿಯಾ, ಕ್ಲೋರಿನ್ ಎಂದು ಚರ್ಚಿಸುತ್ತಿದ್ದೀರಿ. ನಮ್ಮ ಕಡೆಯ ಬೋರಿನ ನೀರಿನಲ್ಲಿ ಈ ಯಾವುದೂ ಮುಖ್ಯವಲ್ಲ. ನಮ್ಮ ತಾಲೂಕಿನ ಕೊಳವೆಬಾವಿಗಳ ರೋಗ ಫ್ಲೋರೈಡ್. ಅದು ಹೊರಗಿನಿಂದ ಸೇರಿದ ಕೊಳೆಯಲ್ಲ, ಕಲ್ಲಿನಿಂದಲೇ ಕರಗಿ ಬಂದದ್ದು. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಫ್ಲೋರೈಡ್ ಖನಿಜಗಳು, ಅಂತರ್ಜಲ ಬಹುಕಾಲ ಕಲ್ಲಿನ ಸಂಪರ್ಕದಲ್ಲಿ ನಿಂತಾಗ, ಅದರಲ್ಲಿಯೂ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದು ಬೈಕಾರ್ಬೊನೇಟ್ ಹೆಚ್ಚಿದ್ದಾಗ, ಹೆಚ್ಚು ಕರಗುತ್ತವೆ. ಮಳೆ ಕಡಿಮೆಯಾಗಿ ಬೋರು ಆಳಕ್ಕಿಳಿದಷ್ಟೂ ಹಳೆಯ ನೀರು ಮೇಲೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 1.5 ಗರಿಷ್ಠ ಎಂಬುದು ನಮ್ಮ ದೇಶದ ಮಾನಕ. ಅದನ್ನು ಮೀರಿದ ನೀರನ್ನು ಬಾಲ್ಯದಿಂದ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತವೆ; ಇನ್ನೂ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಎಲುಬುಗಳು ಬಿಗಿಯುತ್ತವೆ.

ಇಲ್ಲಿ ತಪ್ಪು ತಿಳಿವಳಿಕೆ ಬಹಳ ಇದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಹೆಚ್ಚುತ್ತದೆ. ಕ್ಲೋರಿನ್ನಿನಿಂದಲೂ ಹೋಗುವುದಿಲ್ಲ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕೆ ಇಳಿಸುವ ನಲ್ಗೊಂಡ ವಿಧಾನವನ್ನು ರೂಪಿಸಿದರು. ವಿದ್ಯುತ್ ಬೇಡದ, ಅಗ್ಗದ ಉಪಾಯ ಅದು. ಆದರೆ ಪಟಿಕದ ಪ್ರಮಾಣವನ್ನು ಆಯಾ ನೀರಿಗೆ ತಕ್ಕಂತೆ ನಿಗದಿ ಮಾಡಬೇಕು, ತಳದ ಕೆಸರನ್ನು ದಿನವೂ ಚೆಲ್ಲಬೇಕು. ಮನೆಯ ಕೆಲಸದ ನಡುವೆ ಇದನ್ನು ಯಾರು ಮಾಡುತ್ತಾರೆ? ಈಗ ಊರೂರಿಗೆ ಆರ್‌ಒ ಘಟಕಗಳು ಬಂದಿವೆ. ಅವು ಫ್ಲೋರೈಡನ್ನು ತೆಗೆಯುತ್ತವೆ ನಿಜ, ಆದರೆ ತೆಗೆದದ್ದನ್ನೆಲ್ಲ ಒಳಗೊಂಡ ಬಸಿದ ನೀರು ಹಳ್ಳಕ್ಕೋ ಇಂಗು ಗುಂಡಿಗೋ ಹೋಗುತ್ತದೆ. ಆರೋಗ್ಯದ ಸಮಸ್ಯೆಯನ್ನು ತಂತ್ರಜ್ಞಾನ ಬಿಡಿಸಿ, ಪರಿಸರದ ಸಮಸ್ಯೆಯನ್ನಾಗಿ ನಮ್ಮ ಕೈಗೆ ಮರಳಿಸಿದಂತಾಗಿದೆ.

ಜೋಳದ ರೊಟ್ಟಿ ತಿನ್ನುವ ನಾಡಿನವನಾಗಿ ನಾನು ಆಸಕ್ತಿಯಿಂದ ಓದಿದ ಸಂಶೋಧನೆಯೊಂದಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1973ರಲ್ಲಿ ಆಂಧ್ರದ ಫ್ಲೋರೈಡ್ ಪ್ರದೇಶದಲ್ಲಿ, ಹೆಚ್ಚಾಗಿ ಹರೆಯದವರಲ್ಲಿ, ಮೊಳಕಾಲುಗಳು ಒಳಕ್ಕೆ ಬಾಗುವ ಸ್ಥಿತಿಯನ್ನು ವರದಿ ಮಾಡಿದರು. ಅಲ್ಲಿ ಅದು ಜೋಳವನ್ನೇ ಮುಖ್ಯ ಆಹಾರ ಮಾಡಿಕೊಂಡ ಬಡವರಲ್ಲಿ ಹೆಚ್ಚು ಕಂಡಿತು. ಅಲ್ಲಿಯ ಜೋಳದಲ್ಲಿ ಮಾಲಿಬ್ಡಿನಂ ಅಂಶ ಹೆಚ್ಚಿದ್ದು, ಅದು ದೇಹದ ತಾಮ್ರವನ್ನು ಹೊರಹಾಕುವುದರಿಂದ ಫ್ಲೋರೈಡಿನ ಹಾನಿ ಬಲಗೊಳ್ಳುತ್ತದೆ ಎಂಬ ವಿವರಣೆಯನ್ನು ಅವರು ಮುಂದಿಟ್ಟರು. ಅದೇ ಸಂಸ್ಥೆಯವರು ಮುಂದೆ ಹಾಸ್ಟೆಲಿನ ಬಾಲಕರಿಗೆ 18 ದಿನ ಊಟದೊಂದಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು, ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಾದದ್ದನ್ನು 2002ರಲ್ಲಿ ಪ್ರಕಟಿಸಿದರು. ಇದನ್ನು ಓದಿ ಹುಣಸೆಹಣ್ಣೇ ಮದ್ದೆಂದು ಮೊಬೈಲಿನಲ್ಲಿ ಹಂಚುವವರಿದ್ದಾರೆ. ಸಣ್ಣ ಗುಂಪಿನ ಮೇಲಿನ ಆ ಅಧ್ಯಯನ ಅಷ್ಟು ದೊಡ್ಡ ಮಾತು ಹೇಳಿಲ್ಲ. ಮೊದಲು ಬೋರಿನ ನೀರನ್ನು ಬಿಟ್ಟು ತುಂಗಭದ್ರೆಯ ನೀರನ್ನು ಕುಡಿಯುವುದೇ ಪರಿಹಾರ.

ಎಂಜಿನಿಯರಿಂಗ್ ವಿದ್ಯಾರ್ಥಿ, ರಾಣೆಬೆನ್ನೂರು:

ಎಲ್ಲರಿಗೂ ನಮಸ್ಕಾರ. ಇಷ್ಟೆಲ್ಲ ಪೈಪು ಬದಲಿಸುವವರೆಗೆ ಕಾಯುವ ಬದಲು, ಓಣಿಗೊಂದು ಅಗ್ಗದ ಸಂವೇದಕ ಕೂರಿಸಿ ಒತ್ತಡ ಮತ್ತು ಕ್ಲೋರಿನ್ ಪ್ರಮಾಣವನ್ನು ಮೊಬೈಲಿಗೆ ಕಳಿಸುವ ವ್ಯವಸ್ಥೆ ಮಾಡಬಾರದೇ? ನಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಳ್ಳಬೇಕೆಂದಿದ್ದೇವೆ.

ಮಾಳಮಡ್ಡಿಯ ಓದುಗ:

ನಿಮ್ಮ ಯೋಜನೆಗೆ ಒಂದು ಪೂರ್ವಕಥೆ ಇದೆ, ಅದು ಶುರುವಾದದ್ದೂ ಹುಬ್ಬಳ್ಳಿಯಲ್ಲೇ. ನೆಕ್ಸ್ಟ್‌ಡ್ರಾಪ್ ಎಂಬ ನವೋದ್ಯಮವೊಂದು 2010ರ ದಶಕದ ಆರಂಭದಲ್ಲಿ, ವಾಲ್ವ್ ತೆರೆಯುವ ಮುನ್ನ ವಾಲ್‌ಮನ್‌ಗಳು ಒಂದು ಕರೆ ಮಾಡಿದರೆ ಆ ಓಣಿಯವರಿಗೆಲ್ಲ ನೀರು ಬರುವ ಸಂದೇಶ ಹೋಗುವಂತೆ ಮಾಡಿತ್ತು. ಮುಂದೆ ಅದು ಬೆಂಗಳೂರಿಗೆ ಹೋಯಿತು. ಅಲ್ಲಿ ಅದನ್ನು ಶಿಸ್ತಿನಿಂದ ಪರೀಕ್ಷಿಸಿದ ಸಂಶೋಧಕರಿಗೆ, ಜನ ನೀರಿಗಾಗಿ ಕಾಯುವ ಸಮಯ ಗಮನಾರ್ಹವಾಗಿ ಕಡಿಮೆಯಾದದ್ದು ಕಾಣಲಿಲ್ಲ. ತಂತ್ರಾಂಶ ಸರಿಯಾಗಿಯೇ ಇತ್ತು. ವಾಲ್‌ಮನ್‌ಗಳ ಮಾಹಿತಿ ಪ್ರತಿ ಸಲವೂ, ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಮೈತುಂಬ ಕೆಲಸವಿರುವ ಕಡಿಮೆ ಸಂಬಳದ ನೌಕರನ ಮೇಲೆ ಇನ್ನೊಂದು ಕೆಲಸ ಹೇರಿದರೆ ಹೀಗಾಗುವುದು ಸಹಜ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಸಂವೇದಕವನ್ನು ಒರೆಸಿ, ಬ್ಯಾಟರಿ ಬದಲಿಸಿ, ಅಳತೆ ಸರಿಯಿದೆಯೇ ಎಂದು ನೋಡುವವರು ಯಾರು ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದುಕೊಳ್ಳಿ.

ಹಳೇ ಹುಬ್ಬಳ್ಳಿಯವರು ಓಣಿಗೆ ಸಿಕ್ಕಿದ್ದೇನು ಎಂದು ಕೇಳಿದ್ದರು. ಇಷ್ಟು ಓದಿದ ಮೇಲೆ ನನಗನ್ನಿಸುವುದು ಹೀಗೆ: ನಳದ ನೀರಿನಿಂದ ಯಾವ ರೋಗ ಇಳಿಯುತ್ತದೆ, ಯಾವುದಕ್ಕೆ ಲಸಿಕೆ ಬೇಕು, ಯಾವುದಕ್ಕೆ ಮನೆಯೊಳಗಿನ ಕೊಡ ಮತ್ತು ಕೈಗಳ ಕಡೆ ನೋಡಬೇಕು ಎಂಬ ವಿಂಗಡಣೆ ಆ ಅಧ್ಯಯನದಿಂದ ಸಾಧ್ಯವಾಯಿತು. ಭೇದಿಯೂ ಇಳಿಯಿತೆಂದು ಬರೆದಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಆದರೆ ಪೈಪೊಂದೇ ಸಾಕೆಂದು ತಿಳಿದು, ಅಂಗನವಾಡಿಯ ಕೈ ತೊಳೆಯುವ ನಳಕ್ಕೆ ಸಾಬೂನು ಇಡುವುದನ್ನು ನಾವು ಮರೆಯುತ್ತಿದ್ದೆವು. ಓಣಿಗೆ ಆ ವರದಿ ಕನ್ನಡದಲ್ಲಿ ಮರಳಿ ಬರಲಿಲ್ಲ ಎಂಬ ದೂರನ್ನು ಮಾತ್ರ ನಾನೂ ಹಂಚಿಕೊಳ್ಳುತ್ತೇನೆ.

ನಿವೃತ್ತ ಅಭಿಯಂತರ, ನವನಗರ:

ವಿದ್ಯಾರ್ಥಿ ಮಿತ್ರರಿಗೆ: ಸಂವೇದಕ ಕೊಳ್ಳುವ ಮೊದಲು ಕೈಯಿಂದ ಅಳೆದು ನೋಡಿ. ಕ್ಲೋರಿನ್ ನೋಡಲು ಓ.ಟಿ. (ಆರ್ಥೋಟಾಲಿಡಿನ್) ದ್ರಾವಣ ಸಾಕು. ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ಹಿಡಿದ ನೀರಿಗೆ ಕೆಲವು ಹನಿ ಹಾಕಿದರೆ, ಕ್ಲೋರಿನ್ ಇದ್ದಷ್ಟೂ ಹಳದಿ ಬಣ್ಣ ಗಾಢವಾಗುತ್ತದೆ; ಬಣ್ಣ ಬಾರದಿದ್ದರೆ ಕ್ಲೋರಿನ್ ಉಳಿದಿಲ್ಲವೆಂದೇ ಅರ್ಥ. ಆ ದ್ರಾವಣ ವಿಷ. ಪರೀಕ್ಷಿಸಿದ ನೀರನ್ನು ಚೆಲ್ಲಿಬಿಡಬೇಕು, ಮಕ್ಕಳ ಕೈಗೆ ಕೊಡಬಾರದು. ಬ್ಯಾಕ್ಟೀರಿಯಾಕ್ಕೆ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಾಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿಯ ಪರೀಕ್ಷೆ ಇದೆ. ಬಾಟಲಿಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಮಾಲಿನ್ಯವಿರುವ ಸಾಧ್ಯತೆ ಹೆಚ್ಚು. ಇವೆರಡರಿಂದ ಫ್ಲೋರೈಡ್ ತಿಳಿಯುವುದಿಲ್ಲ ಎಂಬುದನ್ನು ಮುಂಡರಗಿಯ ಮಾಸ್ತರರ ಸಲುವಾಗಿ ಹೇಳುತ್ತಿದ್ದೇನೆ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಮಾದರಿ ತೆಗೆಯುವ ಕ್ರಮ ಮುಖ್ಯ. ಒಂದೇ ಪೈಪಿನ ಆರಂಭದ ಒಂದು ಮನೆ, ತುದಿಯ ಒಂದು ಮನೆ ಆರಿಸಿಕೊಳ್ಳಿ. ನೀರು ಬಂದ ಮೊದಲ ನಿಮಿಷದಲ್ಲಿ ಒಮ್ಮೆ, ಕಾಲು ಗಂಟೆಯ ಮೇಲೆ ಒಮ್ಮೆ, ನೀರು ನಿಲ್ಲುವ ಮುಂಚೆ ಒಮ್ಮೆ ಹಿಡಿಯಿರಿ. ಸಂಪಿನಿಂದಲೋ ಮೇಲಿನ ಟ್ಯಾಂಕಿನಿಂದಲೋ ಬರುವ ನಳ ಬೇಡ, ಬೀದಿಯ ಪೈಪಿನಿಂದ ನೇರವಾಗಿ ಬರುವ ನಳವೇ ಆಗಬೇಕು. ಮಳೆಗಾಲದ ಒಂದು ಪಾಳಿ, ಬೇಸಿಗೆಯ ಒಂದು ಪಾಳಿ ಎರಡನ್ನೂ ಸೇರಿಸಿಕೊಳ್ಳಿ.

ಅಧ್ಯಾಪಕಿ, ಸಪ್ತಾಪುರ:

ಒಂದೇ ಒಂದು ಸೇರ್ಪಡೆ. ಕಪ್ಪಾಗದ ಬಾಟಲಿಗಳ ಲೆಕ್ಕವನ್ನೂ ಬರೆದಿಡಿ. ಕೆಟ್ಟ ನೀರಿನ ಚಿತ್ರಗಳನ್ನಷ್ಟೇ ಹಾಕಿದರೆ ಅದು ದೂರಾಗುತ್ತದೆ, ಅಳತೆಯಾಗುವುದಿಲ್ಲ.

ಹಳೇ ಹುಬ್ಬಳ್ಳಿ ವಾಸಿ:

ಆಗಲಿ. ತುದಿಯ ಮನೆ ಬೇಕೆಂದಿರಿ, ನಮ್ಮದು ತುದಿಯ ಮನೆಯೇ; ಪೈಪಿನ ಆರಂಭದಲ್ಲಿರುವ ಕಿರಾಣಿ ಅಂಗಡಿಯವರನ್ನು ನಾನು ಒಪ್ಪಿಸುತ್ತೇನೆ. ನನ್ನದು ಎರಡು ಷರತ್ತು: ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಓಣಿಯ ಗುಡಿಯ ಗೋಡೆಗೆ ಹಚ್ಚಬೇಕು, ವಾರ್ಡಿನ ಸದಸ್ಯರಿಗೆ ಒಂದು ಪ್ರತಿ ಕೊಟ್ಟು ಸಹಿ ಪಡೆಯಬೇಕು. ನಮ್ಮಲ್ಲಿ ಪಾಳಿ ಹೆಚ್ಚಾಗಿ ರಾತ್ರಿ ಹನ್ನೊಂದರ ಮೇಲೆ ಬರುತ್ತದೆ. ರಾಣೆಬೆನ್ನೂರಿನ ತಮ್ಮಂದಿರಿಗೆ ಆ ಹೊತ್ತಿನಲ್ಲಿ ಬಸ್ಸು ಸಿಗಲಾರದು, ಊಟ ಮಾಡಿ ನಮ್ಮ ಮನೆಯಲ್ಲೇ ಉಳಿಯುವ ಲೆಕ್ಕದಲ್ಲಿ ಬರಬೇಕು.